ಬಾಯಿ ವಾಸನೆ ಹುಟ್ಟುವುದು ಹೊಟ್ಟೆಯಲ್ಲಲ್ಲ, ಬಾಯಲ್ಲೇ

“ಒಂದ್ಸಲ ಮೂಸಿ ನೋಡಿ” ಅಂತ ಹಲ್ಲಿನ ಡಾಕ್ಟರು ಒಂದು ಗೇಣುದ್ದದ ದಾರವನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಅದು ಫ್ಲಾಸ್, ಹಲ್ಲಿನ ಸಂದಿ ಶುಚಿ ಮಾಡುವ ದಾರ. ಆಗಷ್ಟೇ ಅದನ್ನು ನನ್ನ ಎಡಗಡೆಯ ಕೊನೆಯ ಎರಡು ದವಡೆ ಹಲ್ಲುಗಳ ನಡುವೆ ತೂರಿಸಿ ಎಳೆದಿದ್ದರು. ನೋಡಲು ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಒಂದು ಕಡೆ ಒಂಚೂರು ಹಳದಿ ಲೋಳೆ ಅಂಟಿತ್ತು, ಸಾಸಿವೆ ಕಾಳಿನಷ್ಟೂ ಇಲ್ಲ. ಮೂಸಿದ ತಕ್ಷಣ ಮುಖ ಹಿಂದಕ್ಕೆ ಎಳೆದುಕೊಂಡೆ. ಚರಂಡಿಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಅದೇ ವಾಸನೆ. ಅದು ನನ್ನ ಬಾಯಿಂದಲೇ ಬಂದದ್ದು ಅಂತ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಅದಕ್ಕೆ ಮುಂಚೆ ಎರಡು ವರ್ಷ ನಾನು ಹೊಟ್ಟೆಯನ್ನೇ ದೂರುತ್ತಿದ್ದೆ. ಹೆಂಡತಿ ಮೊದಲ ಸಲ ಹೇಳಿದ ದಿನದಿಂದ ಗ್ಯಾಸ್ ಮಾತ್ರೆ ಶುರುವಾಯಿತು. ಅದಾದ ಮೇಲೆ ಜೀರ್ಣಕ್ಕೆ ಅಂತ ಒಂದು ಪುಡಿ. ಬೆಳಗ್ಗೆ ಖಾಲಿ ಹೊಟ್ಟೆಗೆ ನಿಂಬೆ ನೀರು. ಜೇಬಿನಲ್ಲಿ ಯಾವಾಗಲೂ ಪೆಪ್ಪರ್‌ಮಿಂಟ್. ಎರಡು ಕಡೆ ತೋರಿಸಿದ್ದೆ, ಎರಡು ಕಡೆಯೂ ಹೊಟ್ಟೆ ಒತ್ತಿ ನೋಡಿದರು. ಬಾಯಿ ತೆರೆಸಿ ಯಾರೂ ನೋಡಲಿಲ್ಲ. ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತಿದ್ದೆನಾದ್ದರಿಂದ ಬಾಯಿ ಶುಚಿಯಾಗಿದೆ ಅಂತಲೇ ನಾನೂ ನಂಬಿದ್ದೆ.

ಇದನ್ನೆಲ್ಲ ಬಿಚ್ಚಿ ಬರೆಯಲು ಕಾರಣ ಇದೆ. ಬಾಯಿ ವಾಸನೆ ಇರುವವರು ಅದನ್ನು ಯಾರ ಹತ್ತಿರವೂ ಕೇಳುವುದಿಲ್ಲ. ಮಾತಾಡುವಾಗ ಕೈ ಅಡ್ಡ ಹಿಡಿಯುತ್ತಾರೆ, ಲಿಫ್ಟಿನಲ್ಲಿ ಗೋಡೆ ಕಡೆ ತಿರುಗಿ ನಿಲ್ಲುತ್ತಾರೆ, ಗುಂಪಿನಲ್ಲಿ ಮಾತು ಕಡಿಮೆ ಮಾಡುತ್ತಾರೆ. ಒಳಗೊಳಗೇ ಬೇಯುತ್ತಾರೆ. ಆದರೆ ವಾಸನೆ ಎಲ್ಲಿ, ಹೇಗೆ ಹುಟ್ಟುತ್ತದೆ ಅಂತ ಒಮ್ಮೆ ಗೊತ್ತಾದರೆ ಹೆಚ್ಚಿನವರ ಸಮಸ್ಯೆಗೆ ಮನೆಯಲ್ಲೇ ದಾರಿ ಇದೆ.

ಮೊದಲು ಹೊಟ್ಟೆಯ ವಿಷಯ ಮುಗಿಸಿಬಿಡೋಣ. ನಿಜವಾಗಿಯೂ ಬಾಯಿ ವಾಸನೆ ಇರುವ 10 ಜನರಲ್ಲಿ 8–9 ಜನರಿಗೆ ಅದು ಬಾಯಿಯೊಳಗೇ ಹುಟ್ಟುತ್ತದೆ ಅನ್ನುವುದು ವೈದ್ಯರು ಒಪ್ಪಿರುವ ಅಂದಾಜು. ಉಳಿದದ್ದರಲ್ಲಿ ದೊಡ್ಡ ಪಾಲು ಮೂಗು, ಸೈನಸ್, ಗಂಟಲಿನದು. ಹೊಟ್ಟೆಯ ಪಾಲು ತೀರಾ ಕಡಿಮೆ. ಯಾಕೆಂದರೆ ಅನ್ನನಾಳ ಸದಾ ತೆರೆದಿರುವ ಪೈಪ್ ಅಲ್ಲ. ನುಂಗುವಾಗ, ತೇಗುವಾಗ ತೆರೆದುಕೊಳ್ಳುತ್ತದೆ, ಉಳಿದ ಹೊತ್ತು ಮುಚ್ಚಿಕೊಂಡೇ ಇರುತ್ತದೆ. ಹೊಟ್ಟೆಯ ಗಾಳಿ ಸುಮ್ನೆ ಮೇಲೆ ಬಂದು ಉಸಿರಿಗೆ ಸೇರುವುದಿಲ್ಲ. ತೇಗಿದಾಗ ಒಂದು ಕ್ಷಣ ವಾಸನೆ ಬರುತ್ತದೆ, ಹೋಗುತ್ತದೆ. ಹುಳಿತೇಗು ಜಾಸ್ತಿ ಇರುವವರಲ್ಲಿ, ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ಇರುವ ಕೆಲವರಲ್ಲಿ ಆ ಕಡೆಯ ಕಾರಣವೂ ಸೇರಿರಬಹುದು. ಆದರೂ ಮೊದಲು ಹುಡುಕಬೇಕಾದ್ದು ಬಾಯಲ್ಲೇ.

ವಾಸನೆ ಹುಟ್ಟುವ ಬಗೆ

ಮನುಷ್ಯರ ಬಾಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳಲ್ಲಿ ಇದುವರೆಗೆ ಸುಮಾರು 700 ಬಗೆಗಳನ್ನು ಗುರುತಿಸಿದ್ದಾರೆ. ಎಲ್ಲವೂ ಕೆಟ್ಟವಲ್ಲ, ಬಹುಪಾಲು ನಮ್ಮ ಜೊತೆ ತೆಪ್ಪಗೆ ಬಾಳುತ್ತವೆ. ತೊಂದರೆ ಕೊಡುವುದು ಗಾಳಿ ಆಡದ ಮೂಲೆಗಳಲ್ಲಿ ಬೆಳೆಯುವ ಒಂದು ಗುಂಪು. ನಾಲಿಗೆಯ ಹಿಂಬದಿಯ ಒರಟು ಜಾಗ, ಹಲ್ಲಿನ ಸಂದಿ, ಒಸಡಿನ ಅಡಿ. ಇಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಪ್ರೋಟೀನ್ ಎಂದರೆ ಇಷ್ಟ. ಪ್ರೋಟೀನಿನಲ್ಲಿ ಗಂಧಕ ಇರುವ ಎರಡು ಅಂಶಗಳಿವೆ, ಸಿಸ್ಟೀನ್ ಮತ್ತು ಮೆಥಿಯೊನೀನ್ ಅಂತ. ಬ್ಯಾಕ್ಟೀರಿಯಾ ಇವನ್ನು ಒಡೆದಾಗ ಗಂಧಕ ಗಾಳಿಯ ರೂಪದಲ್ಲಿ ಹೊರಬೀಳುತ್ತದೆ.

ಹಾಗೆ ಹೊರಬೀಳುವ ಗಾಳಿಗಳಲ್ಲಿ ಮುಖ್ಯವಾದವು ಎರಡು. ಹೈಡ್ರೋಜನ್ ಸಲ್ಫೈಡ್, ಇದು ಕೊಳೆತ ಮೊಟ್ಟೆಯ ವಾಸನೆ. ಮೀಥೈಲ್ ಮರ್ಕ್ಯಾಪ್ಟನ್, ಇದು ಕೊಳೆತ ಎಲೆಕೋಸಿನ ವಾಸನೆ. ಅಡುಗೆ ಗ್ಯಾಸ್ ಸೋರಿದಾಗ ತಕ್ಷಣ ಮೂಗಿಗೆ ಬಡಿಯುವ ವಾಸನೆ ಗೊತ್ತಲ್ವಾ? ಆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತ ಅದಕ್ಕೆ ಬೆರೆಸುವುದು ಇದೇ ಮರ್ಕ್ಯಾಪ್ಟನ್ ಗುಂಪಿನ ಒಂದು ವಸ್ತು. ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯರ ಮೂಗು ಇಂಥ ಗಾಳಿಗಳನ್ನು ಹಿಡಿದುಬಿಡುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕ ಲೋಳೆ ಅಷ್ಟು ನಾರಿದ್ದಕ್ಕೆ ಕಾರಣ ಇದೇ. ಬಾಯಿ ವಾಸನೆಯಲ್ಲಿ ಗಂಧಕದ ಈ ಗಾಳಿಗಳದ್ದೇ ದೊಡ್ಡ ಪಾತ್ರ ಅನ್ನುವುದನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಟಾನ್ಜೆಟಿಚ್ 1970ರ ದಶಕದಲ್ಲಿ ಅಳೆದು ತೋರಿಸಿದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪ್ರೋಟೀನ್ ಎಂದರೆ ಊಟದಲ್ಲಿರುವುದು ಮಾತ್ರ ಅಲ್ಲ. ಬಾಯಿಯ ಒಳಚರ್ಮದಿಂದ ದಿನವಿಡೀ ಸತ್ತ ಕಣಗಳು ಉದುರುತ್ತಿರುತ್ತವೆ. ಒಸಡಿನಿಂದ ಜಿನುಗುವ ರಕ್ತ ಇದೆ. ಮೂಗಿನ ಹಿಂದಿನಿಂದ ಗಂಟಲಿಗೆ ಇಳಿಯುವ ಸಿಂಬಳ ಇದೆ. ಇದೆಲ್ಲವೂ ಆ ಬ್ಯಾಕ್ಟೀರಿಯಾಗಳಿಗೆ ಊಟವೇ. ಆದ್ದರಿಂದಲೇ ಏನೂ ತಿನ್ನದೆ ಇದ್ದರೂ ಬಾಯಿ ನಾರುತ್ತದೆ. ಉಪವಾಸ ಮಾಡಿದ ದಿನ ಇನ್ನೂ ಜಾಸ್ತಿ ನಾರುತ್ತದೆ.

ಎಂಜಲು ಮಾಡುವ ಕೆಲಸ

ಉಪವಾಸದ ದಿನ, ಬೆಳಗ್ಗೆ ಏಳುವಾಗ, ಎರಡು ಗಂಟೆ ಬಿಡದೆ ಪಾಠ ಮಾಡಿದ ಮೇಲೆ ಬಾಯಿ ಯಾಕೆ ನಾರುತ್ತದೆ? ಮೂರಕ್ಕೂ ಉತ್ತರ ಒಂದೇ, ಬಾಯಿ ಒಣಗಿರುತ್ತದೆ. ದೊಡ್ಡವರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಎಂಜಲು ಊರುತ್ತದೆ. ಅದು ಬಾಯಿಯನ್ನು ಸದಾ ತೊಳೆಯುತ್ತಾ ಇರುತ್ತದೆ. ಚೂರುಗಳನ್ನು, ಸತ್ತ ಕಣಗಳನ್ನು ಗಂಟಲಿಗೆ ಸಾಗಿಸುತ್ತದೆ, ಹುಳಿಯನ್ನು ತಣಿಸುತ್ತದೆ, ಬ್ಯಾಕ್ಟೀರಿಯಾಗಳನ್ನು ಹತೋಟಿಯಲ್ಲಿಡುತ್ತದೆ. ಬಾಯಿಗೆ ಆಮ್ಲಜನಕ ಒದಗಿಸುವುದರಲ್ಲೂ ಅದರ ಪಾಲಿದೆ. ರಾತ್ರಿ ನಿದ್ದೆಯಲ್ಲಿ ಮಾತ್ರ ಎಂಜಲು ಊರುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಏಳೆಂಟು ಗಂಟೆ ಹೊತ್ತು ತೊಳೆಯುವ ನೀರಿಲ್ಲದೆ ಬಾಯಿ ಮುಚ್ಚಿಟ್ಟ ಪಾತ್ರೆಯಂತಾಗುತ್ತದೆ. ಬೆಳಗಿನ ವಾಸನೆ ಎಲ್ಲರಿಗೂ ಇರುವುದು ಹಾಗಾಗಿ. ಹಲ್ಲುಜ್ಜಿ, ತಿಂಡಿ ತಿಂದ ಮೇಲೆ ಅದು ಹೋದರೆ ಚಿಂತೆ ಬೇಡ.

ಹಗಲಲ್ಲೂ ಬಾಯಿ ಒಣಗುತ್ತಿದ್ದರೆ ಕಾರಣ ಹುಡುಕಬೇಕು. ನೀರು ಕಡಿಮೆ ಕುಡಿಯುವುದು, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವುದು, ಮದ್ಯ, ಸಿಗರೇಟು. ಇನ್ನೊಂದು ದೊಡ್ಡ ಕಾರಣ ಮಾತ್ರೆಗಳು. ಅಲರ್ಜಿ ಮಾತ್ರೆ, ಖಿನ್ನತೆಗೆ ಕೊಡುವ ಮಾತ್ರೆ, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸಲು ಕೊಡುವ ಮಾತ್ರೆ, ಹೀಗೆ ನೂರಾರು ಔಷಧಿಗಳು ಬಾಯಿ ಒಣಗಿಸುತ್ತವೆ. ವಯಸ್ಸಾದವರಲ್ಲಿ ಇದು ಜಾಸ್ತಿ, ಯಾಕೆಂದರೆ ಅವರು ದಿನಕ್ಕೆ ನಾಲ್ಕೈದು ಬಗೆಯ ಮಾತ್ರೆ ತಗೊಳ್ಳುತ್ತಿರುತ್ತಾರೆ. ಹಾಗಂತ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಬಾಯಿ ಒಣಗುತ್ತಿದೆ ಅಂತ ಹೇಳಿದರೆ ಬದಲಿ ಸಿಗಬಹುದು.

ನಾಲಿಗೆಯ ಹಿಂಬದಿ

ಒಂದು ಪ್ಲಾಸ್ಟಿಕ್ ಚಮಚ ತಗೊಳ್ಳಿ. ಕನ್ನಡಿ ಮುಂದೆ ನಾಲಿಗೆ ಪೂರ್ತಿ ಚಾಚಿ. ಚಮಚವನ್ನು ಬೋರಲಾಗಿ ಹಿಡಿದು ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟು ಹಿಂದೆ ಇಟ್ಟು, ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಚಮಚದ ಅಂಚಿನಲ್ಲಿ ಬಿಳಿಯದೋ ಹಳದಿಯದೋ ಒಂದು ಲೋಳೆ ಸಿಗುತ್ತದೆ. ಹತ್ತು ಸೆಕೆಂಡು ಬಿಟ್ಟು ಮೂಸಿ. ಎದುರಿಗಿರುವವರಿಗೆ ನಿಮ್ಮ ಮಾತಿನ ಜೊತೆ ತಲುಪುವ ವಾಸನೆ ಹೆಚ್ಚುಕಡಿಮೆ ಅದೇ.

ಇದು ಆಟಕ್ಕೆ ಹೇಳಿದ್ದಲ್ಲ. ಬಾಯಿ ವಾಸನೆಯ ತಜ್ಞರೂ ಇದೇ ಪರೀಕ್ಷೆ ಮಾಡುತ್ತಾರೆ. ಬರೀ ಕೈಗೆ ಊದಿ ಮೂಸಿದರೆ ಹೆಚ್ಚಿನ ಸಲ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಸದಾ ಇರುವ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಮಣಿಕಟ್ಟನ್ನು ನೆಕ್ಕಿ, ಒಣಗಲು ಬಿಟ್ಟು ಮೂಸುವ ಇನ್ನೊಂದು ಬಗೆ ಇದೆ. ಅದರಿಂದ ನಾಲಿಗೆಯ ಮುಂಭಾಗದ ವಾಸನೆ ಮಾತ್ರ ತಿಳಿಯುತ್ತದೆ. ಮುಂಭಾಗ ಹಲ್ಲಿಗೆ, ಬಾಯಿಯ ಅಂಗುಳಕ್ಕೆ ತಿಕ್ಕಿ ತಿಕ್ಕಿ ತಾನೇ ಶುಚಿಯಾಗುತ್ತಿರುತ್ತದೆ. ಹಿಂಭಾಗಕ್ಕೆ ಆ ತಿಕ್ಕಾಟ ಇಲ್ಲ. ಅಲ್ಲಿಯ ಮೇಲ್ಮೈ ಒರಟು ಕಂಬಳಿಯ ಹಾಗೆ, ಸಣ್ಣ ಸಣ್ಣ ಗುಬುಟುಗಳು, ನಡುನಡುವೆ ತಗ್ಗು. ಅದರೊಳಗೆ ಸತ್ತ ಕಣ, ಊಟದ ಚೂರು, ಮೂಗಿನಿಂದ ಇಳಿದ ಸಿಂಬಳ ಎಲ್ಲ ಕೂತು ಒಂದು ಪದರ ಕಟ್ಟುತ್ತದೆ. ಪದರದ ಅಡಿಗೆ ಗಾಳಿ ತಲುಪುವುದಿಲ್ಲ. ಆ ಬ್ಯಾಕ್ಟೀರಿಯಾಗಳಿಗೆ ಬೇಕಾದ್ದು ಇಂಥದ್ದೇ ಜಾಗ.

ಹಲ್ಲು ಫಳಫಳ ಹೊಳೆಯುತ್ತಿದ್ದರೂ ವಾಸನೆ ಬರುವವರ ಕಥೆ ಹೆಚ್ಚಾಗಿ ಇಷ್ಟೇ. ಬ್ರಷ್ ಹಲ್ಲಿನ ಮೇಲೆ ಓಡಾಡುತ್ತದೆ, ನಾಲಿಗೆಯ ಬುಡಕ್ಕೆ ಹೋಗುವುದೇ ಇಲ್ಲ.

ನಾಲಿಗೆ ಕೆರೆಯುವ ಪಟ್ಟಿ, ಟಂಗ್ ಕ್ಲೀನರ್, ಇಲ್ಲಿ ಬ್ರಷ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಗಂಧಕದ ಗಾಳಿಯನ್ನು ಅಳೆದು ನೋಡಿದ ಪರೀಕ್ಷೆಗಳಲ್ಲೂ ಪಟ್ಟಿಯೇ ಸ್ವಲ್ಪ ಮುಂದಿತ್ತು. ಕೆರೆಯುವ ಬಗೆ ಮುಖ್ಯ. ನಾಲಿಗೆ ಚಾಚಿ, ಉಸಿರು ಮೆಲ್ಲಗೆ ಹೊರಗೆ ಬಿಡುತ್ತಾ ಪಟ್ಟಿಯನ್ನು ಹಿಂದೆ ಇಟ್ಟು, ಹಗುರವಾಗಿ ಮುಂದಕ್ಕೆ ಎಳೆಯಬೇಕು. ಪ್ರತಿ ಸಲ ತೊಳೆದು ನಾಲ್ಕೈದು ಸಲ ಎಳೆದರೆ ಸಾಕು. ಉಸಿರು ಹೊರಗೆ ಬಿಡುವಾಗ ವಾಕರಿಕೆ ಕಡಿಮೆ. ಮೊದಲ ವಾರ ಕಣ್ಣಲ್ಲಿ ನೀರು ಬರಬಹುದು, ದಿನಾ ಒಂದು ಕೂದಲೆಳೆಯಷ್ಟು ಹಿಂದೆ ಹೋದರೆ ಅಭ್ಯಾಸ ಆಗುತ್ತದೆ. ಒತ್ತಿ ಕೆರೆದು ರಕ್ತ ಬರಿಸಿಕೊಳ್ಳಬೇಡಿ, ಗಾಯವಾದರೆ ಬ್ಯಾಕ್ಟೀರಿಯಾಗೆ ಇನ್ನಷ್ಟು ಊಟ ಸಿಕ್ಕಂತೆ. ನನ್ನ ಮಟ್ಟಿಗೆ ಹೇಳುವುದಾದರೆ, ದಿನಕ್ಕೆ ಒಂದೇ ಸಲ ಮಾಡುವುದಿದ್ದರೆ ರಾತ್ರಿ ಮಲಗುವ ಮುಂಚೆ ಮಾಡಿ. ಎಂಜಲು ಇಲ್ಲದ ಹೊತ್ತಿಗೆ ಪದರವೂ ಇಲ್ಲದೆ ಹೋದರೆ ಬೆಳಗ್ಗೆ ವ್ಯತ್ಯಾಸ ತಿಳಿಯುತ್ತದೆ.

ಒಸಡಿನ ಅಡಿ, ಹಲ್ಲಿನ ಸಂದಿ

ನನ್ನ ತೊಂದರೆ ಇದ್ದದ್ದು ಇಲ್ಲಿ. ಹಳೇ ಫಿಲ್ಲಿಂಗಿನ ಅಂಚು ಸ್ವಲ್ಪ ಬಿಟ್ಟುಕೊಂಡಿತ್ತು. ಆ ಸಂದಿಗೆ ದಿನಾ ಊಟದ ಚೂರು ಸೇರಿ, ಪಕ್ಕದ ಒಸಡು ಬಾತಿತ್ತು. ಡಾಕ್ಟರು ಗೆರೆ ಹಾಕಿದ ಸಣ್ಣ ಕಡ್ಡಿಯಿಂದ ಅಳೆದರು. ಹಲ್ಲಿಗೂ ಒಸಡಿಗೂ ನಡುವೆ 1ರಿಂದ 3 ಮಿಲಿಮೀಟರ್ ಆಳದ ಸಂದು ಇರುವುದು ಸಹಜ. ನನಗೆ ಅಲ್ಲಿ 5 ಇತ್ತು. ಬ್ರಷ್ಷಿನ ಎಳೆ ಅಷ್ಟು ಆಳಕ್ಕೆ ಹೋಗುವುದಿಲ್ಲ. ಗಾಳಿಯೂ ಹೋಗುವುದಿಲ್ಲ. ಅಲ್ಲಿ ಬೆಳೆಯುವ ಪೋರ್ಫಿರೊಮೊನಾಸ್ ಜಿಂಜಿವಾಲಿಸ್‌ನಂಥ ಬ್ಯಾಕ್ಟೀರಿಯಾಗಳು ವಾಸನೆ ಹುಟ್ಟಿಸುವುದರ ಜೊತೆಗೆ ಹಲ್ಲನ್ನು ಹಿಡಿದಿರುವ ಮೂಳೆಯನ್ನೂ ಕರಗಿಸುತ್ತವೆ. ನೋವಿಲ್ಲ. ಹಲ್ಲು ಅಲುಗಾಡುವ ತನಕ ತುಂಬ ಜನರಿಗೆ ಗೊತ್ತೇ ಆಗುವುದಿಲ್ಲ. ಒಸಡಿನ ರೋಗದಲ್ಲಿ ವಾಸನೆ, ಉಜ್ಜುವಾಗ ಕಾಣುವ ರಕ್ತ ಇವೇ ಮೊದಲ ಸುಳಿವು. ಸಿಗರೇಟು ಸೇದುವವರಲ್ಲಿ ಆ ರಕ್ತವೂ ಕಾಣುವುದು ಕಡಿಮೆ, ಒಸಡಿನ ರಕ್ತನಾಳಗಳು ಕುಗ್ಗಿರುತ್ತವೆ. ರೋಗ ಒಳಗೇ ಬೆಳೆಯುತ್ತದೆ.

ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪಾಚಿ ಒಂದೆರಡು ವಾರ ಹಾಗೇ ಉಳಿದರೆ ಗಟ್ಟಿಯಾಗಿ ಕಲ್ಲಿನಂತೆ ಆಗುತ್ತದೆ. ಅದನ್ನೇ ಹಲ್ಲುಗಾರೆ ಅನ್ನುವುದು. ಆಮೇಲೆ ಯಾವ ಬ್ರಷ್ಷಿಗೂ, ಯಾವ ಪೇಸ್ಟಿಗೂ, ಯಾವ ಮನೆಮದ್ದಿಗೂ ಅದು ಜಗ್ಗುವುದಿಲ್ಲ. ಡಾಕ್ಟರೇ ತೆಗೆಯಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅಂತ ಹೆದರುವವರಿದ್ದಾರೆ. ಗಾರೆ ತೆಗೆದ ಮೇಲೆ ಹಲ್ಲಿನ ನಡುವೆ ಜಾಗ ಖಾಲಿ ಆದಂತೆ ಅನಿಸುತ್ತದೆ, ನಿಜ. ಅದು ಗಾರೆ ಕೂತಿದ್ದ ಜಾಗ. ಹಲ್ಲನ್ನು ಸಡಿಲ ಮಾಡುವುದು ಗಾರೆಯ ಕೆಳಗಿನ ರೋಗ, ಅದನ್ನು ತೆಗೆಯುವ ಕೆಲಸವಲ್ಲ.

ಹುಳುಕು ಹಲ್ಲಿನ ಗುಂಡಿ, ಸರಿಯಾಗಿ ಕೂರದ ಕ್ಯಾಪ್, ರಾತ್ರಿಯೂ ತೆಗೆಯದ ಹಲ್ಲಿನ ಸೆಟ್ಟು ಇವೂ ಇದೇ ಪಟ್ಟಿಗೆ ಸೇರುತ್ತವೆ. ಸೆಟ್ಟು ಹಾಕುವವರು ಅದನ್ನು ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿ ನೆನೆಸಿಡಬೇಕು.

ಬೆಳ್ಳುಳ್ಳಿ ಯಾಕೆ ಬಿಡುವುದಿಲ್ಲ

ಬೆಳ್ಳುಳ್ಳಿ ತಿಂದವರು ಎಷ್ಟೇ ಉಜ್ಜಿದರೂ ವಾಸನೆ ಹೋಗುವುದಿಲ್ಲ. ಇದರ ದಾರಿ ಬೇರೆ. ಬೆಳ್ಳುಳ್ಳಿಯಿಂದ ಬರುವ ಅಲೈಲ್ ಮೀಥೈಲ್ ಸಲ್ಫೈಡ್ ಎಂಬ ಗಂಧಕದ ವಸ್ತುವನ್ನು ದೇಹ ಬೇಗ ಒಡೆಯಲಾರದು. ಅದು ಕರುಳಿನಿಂದ ರಕ್ತಕ್ಕೆ ಸೇರಿ, ರಕ್ತದಿಂದ ಶ್ವಾಸಕೋಶಕ್ಕೆ ಬಂದು, ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಒಂದು ದಿನದವರೆಗೂ ಇರಬಹುದು. ವಾಸನೆ ಶ್ವಾಸಕೋಶದಿಂದ ಬರುತ್ತಿರುವಾಗ ಬಾಯಿ ಉಜ್ಜಿ ಏನು ಪ್ರಯೋಜನ?

ಆದರೆ ಊಟದ ಜೊತೆಗೇ ಕೆಲವು ಪದಾರ್ಥ ತಿಂದರೆ ವಾಸನೆ ಹುಟ್ಟುವ ಮೊದಲೇ ತಡೆಯಬಹುದು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ವರ್ಷಗಟ್ಟಲೆ ಅಳೆದು ನೋಡಿದ್ದಾರೆ. ಹಸಿ ಸೇಬು, ಪುದೀನ ಎಲೆ, ಹಸಿ ಲೆಟಿಸ್ ಸೊಪ್ಪು ಬೆಳ್ಳುಳ್ಳಿಯ ಗಂಧಕದ ವಸ್ತುಗಳನ್ನು ಚೆನ್ನಾಗಿ ಇಳಿಸಿದವು. ಹಾಲೂ ಇಳಿಸಿತು, ಅದರಲ್ಲೂ ಕೆನೆ ತೆಗೆಯದ ಹಾಲು. 2023ರಲ್ಲಿ ಬಂದ ಅವರ ಇನ್ನೊಂದು ಅಧ್ಯಯನದಲ್ಲಿ ಮೊಸರೂ ಚೆನ್ನಾಗಿ ಕೆಲಸ ಮಾಡಿತು. ಹಾಲನ್ನು ಆಮೇಲೆ ಕುಡಿಯುವುದಕ್ಕಿಂತ ಬೆಳ್ಳುಳ್ಳಿಯ ಜೊತೆಗೇ ಕುಡಿದಾಗ ಹೆಚ್ಚು ಪರಿಣಾಮ ಕಂಡಿತು.

ಮೂಗು, ಗಂಟಲು, ಮತ್ತೆ ದೇಹದ ಬೇರೆ ಕಡೆ

ಟಾನ್ಸಿಲ್ ಗಡ್ಡೆಯಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅಲ್ಲಿ ಕಸ ಸೇರಿ ಅಕ್ಕಿಕಾಳಿನಂಥ ಬಿಳಿ ಉಂಡೆ ಆಗುತ್ತದೆ. ಕೆಮ್ಮಿದಾಗ ಹೊರಗೆ ಬೀಳುತ್ತದೆ, ಜಜ್ಜಿದರೆ ಕೆಟ್ಟ ನಾತ. ಅದು ಟಾನ್ಸಿಲ್ ಕಲ್ಲು. ಅಪಾಯವಿಲ್ಲ, ಉಪ್ಪುನೀರು ಗಂಟಲಿಗೆ ಹಾಕಿ ಗಳಗಳ ಮಾಡಿದರೆ ಸಡಿಲವಾಗುತ್ತದೆ. ಸೈನಸ್ ಸೋಂಕು, ದಿನವೂ ಗಂಟಲಿಗೆ ಇಳಿಯುವ ಕಫ ಕೂಡ ವಾಸನೆಗೆ ಕಾರಣ. ಮಕ್ಕಳಲ್ಲಿ ಇದ್ದಕ್ಕಿದ್ದಂತೆ ಕೆಟ್ಟ ವಾಸನೆ ಶುರುವಾಗಿ, ಮೂಗಿನ ಒಂದೇ ಹೊಳ್ಳೆಯಿಂದ ಸಿಂಬಳ ಸುರಿಯುತ್ತಿದ್ದರೆ ಒಳಗೆ ಮಣಿಯೋ ಕಾಳೋ ಸಿಕ್ಕಿಕೊಂಡಿರಬಹುದು. ಮನೆಯಲ್ಲಿ ಕಡ್ಡಿ ಹಾಕದೆ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೆಲವು ವಾಸನೆಗಳು ಬಾಯಿಯ ಮಾತಲ್ಲ. ತುಂಬಾ ಕಳಿತ ಹಣ್ಣಿನಂಥ, ನೇಲ್ ಪಾಲಿಶ್ ತೆಗೆಯುವ ದ್ರಾವಣದಂಥ ವಾಸನೆ ಬಂದರೆ ಅದು ಅಸಿಟೋನ್. ಹಿಟ್ಟಿನ ಪದಾರ್ಥ ಪೂರ್ತಿ ಬಿಟ್ಟು ತೂಕ ಇಳಿಸುವವರಲ್ಲಿ ಕೊಬ್ಬು ಕರಗುವಾಗ ಇದು ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ವಾಸನೆಯ ಜೊತೆ ವಾಂತಿ, ವಿಪರೀತ ಬಾಯಾರಿಕೆ, ಜೋರು ಉಸಿರಾಟ, ಮಂಕು ಕಂಡರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಅದು ಪ್ರಾಣಕ್ಕೆ ಅಪಾಯ. ಮೂತ್ರಪಿಂಡ ಕೆಟ್ಟಾಗ ಉಸಿರಿನಲ್ಲಿ ಅಮೋನಿಯಾ ವಾಸನೆ ಬರುತ್ತದೆ. ಲಿವರ್ ಪೂರ್ತಿ ಸೋತಾಗ ಸಿಹಿ ಕಲೆತ ಮುಗ್ಗಲು ವಾಸನೆ. ಇವು ಅಪರೂಪ, ಬಂದರೂ ಬೇರೆ ಲಕ್ಷಣಗಳ ಜೊತೆಗೇ ಬರುತ್ತವೆ.

ಮನೆಯಲ್ಲಿ ಮಾಡುವುದು, ಅಡುಗೆಮನೆಯಲ್ಲಿ ಸಿಗುವುದು

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಾಲಿಗೆ ಕೆರೆಯುವುದು, ಸಂದಿ ಶುಚಿ ಮಾಡುವುದು, ಬಾಯಿ ಒದ್ದೆಯಾಗಿಡುವುದು, ಈ ಮೂರು ಇಲ್ಲದೆ ಉಳಿದ ಯಾವ ನೈಸರ್ಗಿಕ ಉಪಾಯವೂ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಸಲ, ಎರಡೆರಡು ನಿಮಿಷ ಉಜ್ಜುವುದು ಇದ್ದೇ ಇದೆ. ಸಂದಿಗೆ ದಾರ, ಇಲ್ಲವೇ ಸಂದಿ ದೊಡ್ಡದಿದ್ದರೆ ಬಾಟಲಿ ಬ್ರಷ್ಷಿನ ಪುಟ್ಟ ರೂಪದಂತಿರುವ ಸಂದಿ ಬ್ರಷ್. ದಾರವನ್ನು ಪ್ರತಿ ಸಂದಿಗೂ ಹಾಕಿ ಮೂಸಿ ನೋಡಿ. ಯಾವ ಸಂದಿಯದು ನಾರುತ್ತದೋ ಅಲ್ಲಿ ಕೆಲಸ ಬಾಕಿ ಇದೆ.

ನೀರು ಎಲ್ಲಕ್ಕಿಂತ ಸುಲಭದ ಮದ್ದು. ಊಟ ಆದ ಮೇಲೆ, ಕಾಫಿ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ದಿನವಿಡೀ ಗುಟುಕು ಗುಟುಕಾಗಿ ಕುಡಿಯಿರಿ. ಗಟ್ಟಿಯಾದ ಹಸಿ ತರಕಾರಿ, ಹಣ್ಣು ಅಗಿದರೆ ಎಂಜಲು ಊರುತ್ತದೆ, ನಾಲಿಗೆಯೂ ತಿಕ್ಕಿದಂತಾಗುತ್ತದೆ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಕೂಡ ಅದೇ ಕಾರಣಕ್ಕೆ ಒಳ್ಳೆಯದು. ಸಕ್ಕರೆ ಇರುವ ಪೆಪ್ಪರ್‌ಮಿಂಟ್ ಮಾತ್ರ ಬೇಡ. ನಾನು ಎರಡು ವರ್ಷ ಚೀಪಿದ್ದು ಅದನ್ನೇ. ವಾಸನೆ ಮುಚ್ಚಿಕೊಳ್ಳಲು ಹೋಗಿ ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾಗಳಿಗೆ ಊಟ ಹಾಕುತ್ತಿದ್ದೆ.

ಏಲಕ್ಕಿ, ಸೋಂಪು, ಪುದೀನ ಅಗಿಯುವುದು ಎರಡು ಕೆಲಸ ಮಾಡುತ್ತದೆ. ತಮ್ಮ ಘಮದಿಂದ ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತವೆ, ಅಗಿಯುವುದರಿಂದ ಎಂಜಲು ಊರಿಸುತ್ತವೆ. ಲವಂಗದಲ್ಲಿ ಯೂಜಿನಾಲ್ ಎಂಬ ಅಂಶ ಇದೆ, ಅದಕ್ಕೆ ಬ್ಯಾಕ್ಟೀರಿಯಾ ತಡೆಯುವ ಗುಣವೂ ಇದೆ. ಒಂದು ಲವಂಗ ಬಾಯಲ್ಲಿಟ್ಟುಕೊಂಡರೆ ಸಾಕು. ಲವಂಗದ ಎಣ್ಣೆಯನ್ನು ಹಾಗೇ ಒಸಡಿಗೆ ಹಚ್ಚಬೇಡಿ, ಸುಡುತ್ತದೆ. ಸಕ್ಕರೆ ಹಾಕದ ಗ್ರೀನ್ ಟೀಯಲ್ಲಿರುವ ಕ್ಯಾಟೆಚಿನ್ ಎಂಬ ಅಂಶಗಳು ಗಂಧಕದ ಗಾಳಿಯ ಜೊತೆ ಸೇರಿ ಅದರ ವಾಸನೆ ತಗ್ಗಿಸುತ್ತವೆ. ಬಾಯಲ್ಲಿ ಸ್ವಲ್ಪ ಹೊತ್ತು ತಿರುಗಿಸಿ ನುಂಗಿ.

ಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸುವುದು ಬಾತ ಒಸಡಿಗೆ ಹಿತ. ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಸಾಕು. ಅಡುಗೆ ಸೋಡಾವನ್ನೂ ಹಾಗೇ ಕರಗಿಸಿ ಮುಕ್ಕಳಿಸಬಹುದು, ಬಾಯಿಯ ಹುಳಿ ತಗ್ಗುತ್ತದೆ. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಹಾಕಿ ಹತ್ತು ಹದಿನೈದು ನಿಮಿಷ ಮುಕ್ಕಳಿಸುವ ವಿಷಯಕ್ಕೆ ಬಂದರೆ, ಸಣ್ಣ ಸಣ್ಣ ಪರೀಕ್ಷೆಗಳಲ್ಲಿ ವಾಸನೆ ಕಡಿಮೆ ಆದದ್ದು ಕಂಡಿದೆ. ಹಿತ ಅನಿಸಿದರೆ ಮಾಡಿ, ಉಜ್ಜುವುದರ ಬದಲು ಅಂತ ಮಾಡಬೇಡಿ. ನುಂಗಬೇಡಿ.

ನಿಂಬೆಹಣ್ಣು ಮತ್ತು ವಿನೆಗರ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಬಾಯಿಯ ಹುಳಿಯ ಮಟ್ಟ, ಅಂದರೆ ಪಿಎಚ್, ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಮೇಲ್ಪದರ ಕರಗಲು ಶುರುವಾಗುತ್ತದೆ. ನಿಂಬೆರಸದ ಮಟ್ಟ ಸುಮಾರು 2. ನಿಂಬೆ ನೆಕ್ಕಿದರೆ ಎಂಜಲು ಊರುತ್ತದೆ, ವಾಸನೆಯೂ ಒಂದು ಗಳಿಗೆ ಹೋಗುತ್ತದೆ. ಆದರೆ ದಿನಾ ನಿಂಬೆಯಿಂದ ಹಲ್ಲುಜ್ಜಿದರೆ ಕಳೆದುಕೊಂಡ ಪದರ ಮತ್ತೆ ಬೆಳೆಯುವುದಿಲ್ಲ. ಒರಟು ಇದ್ದಿಲ ಪುಡಿಯದ್ದೂ ಇದೇ ತೊಂದರೆ, ಅದು ಉಜ್ಜಿ ಉಜ್ಜಿ ಸವೆಸುತ್ತದೆ.

ಅಂಗಡಿಯ ಮೌತ್‌ವಾಶ್ ಕೊಳ್ಳುವುದಿದ್ದರೆ ಲೇಬಲ್ ಓದಿ. ಜಿಂಕ್ ಇರುವುದು ಒಳ್ಳೆಯದು, ಜಿಂಕ್ ಗಂಧಕವನ್ನು ಹಿಡಿದು ವಾಸನೆ ಇಲ್ಲದ ವಸ್ತುವಾಗಿ ಮಾಡುತ್ತದೆ. ಮದ್ಯಸಾರ ಜಾಸ್ತಿ ಇರುವುದು ಕೆಲವರಿಗೆ ಬಾಯಿ ಒಣಗಿಸುತ್ತದೆ. ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧಿ ಇರುವ ಮೌತ್‌ವಾಶ್ ಬಲವಾದದ್ದು, ಡಾಕ್ಟರು ಹೇಳಿದಷ್ಟು ದಿನ ಮಾತ್ರ ಬಳಸಬೇಕು. ವಾರಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ರುಚಿ ಕೆಡುತ್ತದೆ. ಅಂದಹಾಗೆ 1879ರಲ್ಲಿ ಹುಟ್ಟಿದ ಲಿಸ್ಟರೀನ್ ಎಂಬ ಮೌತ್‌ವಾಶ್ ಮೊದಲು ಆಪರೇಶನ್ ಕೋಣೆಯ ಕ್ರಿಮಿನಾಶಕ. 1920ರ ದಶಕದ ಜಾಹೀರಾತುಗಳು ಬಾಯಿ ವಾಸನೆಗೆ ‘ಹ್ಯಾಲಿಟೋಸಿಸ್’ ಎಂಬ ಭಾರದ ಹೆಸರನ್ನು ಮನೆಮಾತು ಮಾಡಿ ಅದನ್ನು ಮಾರಿದವು. ಈ ವಿಷಯದಲ್ಲಿ ಜನರಿಗೆ ಇರುವ ಹೆದರಿಕೆಯಲ್ಲಿ ಆ ಜಾಹೀರಾತುಗಳ ಪಾಲೂ ಇದೆ ಅಂತ ನನಗೆ ಅನಿಸುತ್ತದೆ.

ಹೆದರಿಕೆ ಅಂದಾಗ ಇನ್ನೊಂದು ಮಾತು. ವಾಸನೆಯೇ ಇಲ್ಲದಿದ್ದರೂ ಇದೆ ಅಂತ ನಂಬಿ ಕೊರಗುವವರು ಕಡಿಮೆ ಇಲ್ಲ. ಎದುರಿಗಿದ್ದವರು ಮೂಗು ಉಜ್ಜಿಕೊಂಡರೆ ತನಗೇ ಅಂದುಕೊಳ್ಳುತ್ತಾರೆ. ದಿನಕ್ಕೆ ಏಳೆಂಟು ಸಲ ಉಜ್ಜಿ ಒಸಡು ಸವೆಸಿಕೊಂಡಿರುತ್ತಾರೆ. ಡಾಕ್ಟರು ಪರೀಕ್ಷಿಸಿ ಇಲ್ಲ ಅಂದರೂ ನಂಬಿಕೆ ಬರುವುದಿಲ್ಲ. ಆ ಸಂಕಟ ನಿಜವಾದದ್ದು. ಮನಸ್ಸಿನ ಡಾಕ್ಟರಿಂದ ಅದಕ್ಕೆ ಸಹಾಯ ಸಿಗುತ್ತದೆ.

ನಮ್ಮ ಮೂಗು ನಮಗೆ ನಿಜ ಹೇಳುವುದಿಲ್ಲವಾದ್ದರಿಂದ ಹೇಳುವವರು ಒಬ್ಬರು ಬೇಕು. ಮನೆಯವರೋ, ಆಪ್ತ ಗೆಳೆಯರೋ. “ಮುಚ್ಚುಮರೆ ಇಲ್ಲದೆ ಹೇಳು, ನನ್ನ ಬಾಯಿ ವಾಸನೆ ಬರುತ್ತಾ?” ಅಂತ ಕೇಳಿ. ಬೆಳಗ್ಗೆ ಎದ್ದ ಕೂಡಲೇ ಅಲ್ಲ, ಮಧ್ಯಾಹ್ನದ ಹೊತ್ತಿಗೆ ಕೇಳಿ. ಬೇರೆಯವರಿಗೆ ನೀವು ಹೇಳಬೇಕಾಗಿ ಬಂದರೆ ಒಬ್ಬರೇ ಇರುವಾಗ ಹೇಳಿ, ಒಂದೇ ಮಾತಿನಲ್ಲಿ ಹೇಳಿ, ಜೊತೆಗೆ ದಾರಿಯನ್ನೂ ಹೇಳಿ. ಎರಡು ವಾರ ನಾಲಿಗೆ, ಸಂದಿ, ನೀರು ಈ ಮೂರನ್ನೂ ಬಿಡದೆ ಮಾಡಿಯೂ ವಾಸನೆ ಉಳಿದರೆ ಮೊದಲು ಹಲ್ಲಿನ ಡಾಕ್ಟರು, ಅಲ್ಲಿ ಏನೂ ಸಿಗದಿದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರು.

ನನ್ನ ಫಿಲ್ಲಿಂಗ್ ಹೊಸದಾಯಿತು, ಗಾರೆ ಹೋಯಿತು. ರಾತ್ರಿ ದಾರ ಹಾಕುವುದು ರೂಢಿಯಾಯಿತು. ಮೂರನೇ ವಾರ ಒಂದು ಸಂಜೆ ಹೆಂಡತಿಯನ್ನು ಕೇಳಿದೆ. ಅವಳು ಹತ್ತಿರ ಬಂದು ಮೂಸಿ, “ಇಲ್ಲ ರೀ, ಹೋಗಿದೆ” ಅಂದಳು. ಈಗಲೂ ತಿಂಗಳಿಗೊಮ್ಮೆ ಕೇಳುತ್ತೇನೆ. ಒಮ್ಮೊಮ್ಮೆ “ಇವತ್ತು ಸ್ವಲ್ಪ ಇದೆ” ಅನ್ನುತ್ತಾಳೆ. ಹೋಗಿ ನಾಲಿಗೆ ಕೆರೆದು ಬರುತ್ತೇನೆ.